ಮಳೆಹನಿಯ ಪೆಟ್ಟು, ಬರಿ ನೆಲದ ನಷ್ಟ

ಮಳೆಗಾಲದಲ್ಲಿ ಹಳ್ಳಿಯ ಮನೆಯ ಸುಣ್ಣದ ಗೋಡೆಯನ್ನು ಗಮನಿಸಿದರೆ ಬುಡದಿಂದ ಸುಮಾರು ಮೊಳದೆತ್ತರದವರೆಗೆ ಕೆಮ್ಮಣ್ಣಿನ ಚುಕ್ಕೆಗಳು ಕಾಣುತ್ತವೆ. ಗೋಡೆಯ ಪಕ್ಕದಲ್ಲಿ ಗರಿಕೆ ಬೆಳೆದಿದ್ದರೆ ಅಥವಾ ರಾಗಿ ಹುಲ್ಲು ಹರಡಿದ್ದರೆ ಆ ಭಾಗದ ಗೋಡೆ ಮಾತ್ರ ಬೆಳ್ಳಗೇ ಉಳಿದಿರುತ್ತದೆ. ಎರಡೂ ಕಡೆ ಬಿದ್ದದ್ದು ಒಂದೇ ಮಳೆ. ವ್ಯತ್ಯಾಸವಿರುವುದು ನೆಲದಲ್ಲಿ.

ಹೊಲದಲ್ಲಿ ನಡೆಯುವುದೂ ಇದೇ. ಬಿರುಮಳೆ ಬಂದು ಬದು ಒಡೆದು, ಬಿತ್ತಿದ ಬೀಜ ಕೊಚ್ಚಿಹೋದಾಗ ಪ್ರಕೃತಿ ಮುನಿಯಿತು ಎನ್ನುವುದು ವಾಡಿಕೆ. ಮಳೆಯ ಬಲ ಮನುಷ್ಯನ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಆ ಬಲ ಬೆಳೆಗೆ ನೀರಾಗುವುದೋ ಹೊಲಕ್ಕೆ ಕೊರಕಲಾಗುವುದೋ ಎಂಬುದು ಬಹುಮಟ್ಟಿಗೆ ಮಳೆ ಬೀಳುವ ನೆಲದ ಸ್ಥಿತಿಯನ್ನು ಅವಲಂಬಿಸಿದೆ. ಆ ಸ್ಥಿತಿಗೆ ಕಾರಣ ಮನುಷ್ಯನೇ.

ಹನಿಯ ಶಕ್ತಿ ಎಷ್ಟು?

ಜಿಟಿಜಿಟಿ ಮಳೆಯ ಅರ್ಧ ಮಿಲಿಮೀಟರ್ ಗಾತ್ರದ ಹನಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಗುಡುಗು ಮಳೆಯ 5 ಮಿಲಿಮೀಟರ್ ಗಾತ್ರದ ದಪ್ಪ ಹನಿಯ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ 32 ಕಿಲೋಮೀಟರ್. ಅಷ್ಟೇ ನೀರು ಸಣ್ಣ ಹನಿಗಳ ಬದಲು ದಪ್ಪ ಹನಿಗಳಾಗಿ ಬಿದ್ದರೆ ಅದರ ಹೊಡೆತ ಸುಮಾರು 20 ಪಟ್ಟು ಹೆಚ್ಚು.

ಈ ಹೊಡೆತಕ್ಕೆ ಬರಿ ನೆಲದ ಹೆಂಟೆಗಳು ಒಡೆದು ಪುಡಿಯಾಗುತ್ತವೆ. ನುಣ್ಣನೆಯ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಕೆಂಪು ಭೂಮಿಯಲ್ಲಿ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ. ಆಮೇಲೆ ಬಿದ್ದ ನೀರು ಇಂಗುವುದಿಲ್ಲ, ಹರಿಯತೊಡಗುತ್ತದೆ. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು ಬಿದ್ದಂತೆ. ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಉದ್ದನೆಯ ಇಳಿಜಾರಿನ ಮೇಲ್ಭಾಗದಲ್ಲಿ ಕಾಣದ ಕೊರಕಲು ಕೆಳಭಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಕಣ್ಣಿಗೆ ಬೀಳದ ನಷ್ಟ

ಕೊರಕಲು ಎಲ್ಲರಿಗೂ ಕಾಣುತ್ತದೆ. ಆದರೆ ಹೊಲದ ಮೈಮೇಲಿಂದ ತೆಳ್ಳಗೆ ಎಲ್ಲ ಕಡೆಯೂ ಸಮನಾಗಿ ಹೋಗುವ ಮಣ್ಣು ಕಾಣುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16.35 ಟನ್ ಮಣ್ಣು ಸವೆಯುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಮಣ್ಣು ಸುಮಾರು 130 ಟನ್ ತೂಗುತ್ತದೆ. ಈ ಲೆಕ್ಕದಲ್ಲಿ ಸುಮಾರು 8 ವರ್ಷಕ್ಕೆ ಒಂದು ಸೆಂಟಿಮೀಟರ್ ಮೇಲ್ಮಣ್ಣು ಹೋದಂತಾಯಿತು. ಅಷ್ಟು ಮಣ್ಣು ಹೊಸದಾಗಿ ಉಂಟಾಗಲು ನೂರಾರು ವರ್ಷ ಬೇಕು.

ನೀರು ಮೊದಲು ಒಯ್ಯುವುದು ಹಗುರವಾದ, ನುಣ್ಣನೆಯ ಕಣಗಳನ್ನು. ಸಾವಯವ ಅಂಶವೂ ಪೋಷಕಾಂಶಗಳೂ ಹೆಚ್ಚಾಗಿರುವುದು ಇವುಗಳಲ್ಲಿಯೇ. ಹೊಲದಲ್ಲಿ ಉಳಿಯುವುದು ಮರಳು ಮತ್ತು ಗರಸು. ಮಣ್ಣಿನ ಆಳ ಕಡಿಮೆಯಾದಂತೆ ಅದು ಹಿಡಿದಿಡುವ ತೇವವೂ ಕಡಿಮೆಯಾಗುತ್ತದೆ. ಹಿಂದೆ ಎರಡು ವಾರ ಮಳೆ ತಪ್ಪಿದರೂ ತಡೆಯುತ್ತಿದ್ದ ರಾಗಿ, ಸವೆದ ನೆಲದಲ್ಲಿ ಅದಕ್ಕೆ ಮೊದಲೇ ಬಾಡುತ್ತದೆ. ಹೀಗೆ ಅತಿವೃಷ್ಟಿಯಲ್ಲಿ ಮಣ್ಣು ಕಳೆದುಕೊಂಡ ಹೊಲವೇ ಅನಾವೃಷ್ಟಿಗೂ ಮೊದಲ ಬಲಿಯಾಗುತ್ತದೆ.

ಹೋದ ಮಣ್ಣು ಎಲ್ಲಿದೆ?

ಮೇಲಿನ ಅಂದಾಜಿನಂತೆಯೇ ಸವೆದ ಮಣ್ಣಿನಲ್ಲಿ ಶೇಕಡ 61 ಭಾಗ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ. ಶೇಕಡ 29 ಭಾಗ ಸಮುದ್ರ ಸೇರುತ್ತದೆ. ಶೇಕಡ 10 ಭಾಗ ಜಲಾಶಯಗಳಲ್ಲಿ ಹೂಳಾಗಿ ನಿಲ್ಲುತ್ತದೆ.

ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯ ಇದಕ್ಕೆ ಉದಾಹರಣೆ. 1953ರಲ್ಲಿ ಪೂರ್ಣಗೊಂಡಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ ಇತ್ತು. ಈಗ ಲೆಕ್ಕಕ್ಕೆ ಹಿಡಿಯುವ ಸಾಮರ್ಥ್ಯ ಸುಮಾರು 105.8 ಟಿ.ಎಂ.ಸಿ. ಅಡಿ ಮಾತ್ರ. ನೀರಿರಬೇಕಾದ ಐದನೆಯ ಒಂದು ಭಾಗದಲ್ಲಿ ಹೂಳು ಕುಳಿತಿದೆ. ಈ ಹೂಳೆಲ್ಲ ಹೊಲಗಳದ್ದೇ ಅಲ್ಲ. ಬೋಳಾದ ಗುಡ್ಡ, ಗಣಿಗಾರಿಕೆ, ಕುಸಿದ ಹಳ್ಳದ ದಂಡೆ ಇವುಗಳ ಪಾಲೂ ಉಂಟು. ಆದರೆ ಮೇಲ್ಭಾಗದ ಮಳೆಯಾಶ್ರಿತ ರೈತ ಕಳೆದುಕೊಂಡ ಮಣ್ಣು, ಕೆಳಭಾಗದ ನೀರಾವರಿ ರೈತನ ನೀರಿನ ಜಾಗವನ್ನು ತಿನ್ನುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ. ಊರ ಕೆರೆಯ ಕಥೆಯೂ ಇದೇ.

ನೆಲ ಬರಿದಾಗಿರುವ ಕಾಲ

ಕರ್ನಾಟಕದಲ್ಲಿ ಬಿರುಸಾದ ಮಳೆ ಹಲವೆಡೆ ನೆಲ ಬರಿದಾಗಿರುವ ಕಾಲದಲ್ಲೇ ಬರುತ್ತದೆ. ದಕ್ಷಿಣದ ಕೆಂಪು ಭೂಮಿಯಲ್ಲಿ ಭರಣಿ, ಕೃತ್ತಿಕಾ ಮಳೆಗಳು ಗುಡುಗಿನೊಡನೆ ಸುರಿಯುವಾಗ ಹೊಲದಲ್ಲಿ ಬೆಳೆಯಿರುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಆಳವಾದ ಕಪ್ಪು ಭೂಮಿಯಲ್ಲಿ ಹಿಂಗಾರು ಜೋಳಕ್ಕಾಗಿ ಮುಂಗಾರಿನಲ್ಲಿ ಹೊಲ ಖಾಲಿ ಬಿಡುತ್ತಾರೆ. ಅಲ್ಲಿ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆಗ ನೆಲಕ್ಕೆ ಮರೆಯೇ ಇಲ್ಲ.

ಇದರ ಮೇಲೆ ಹಿಡುವಳಿಯ ತೊಂದರೆಯೂ ಇದೆ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲಗಳು ಇಳಿಜಾರಿನ ಉದ್ದಕ್ಕೆ ಪಟ್ಟಿಗಳಾಗಿ ಸೀಳಿವೆ. ಕಿರಿದಾದ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಡ್ಡಲಾಗಿ ತಿರುಗಿಸುವುದು ಕಷ್ಟವೆಂದು ಮೇಲಿನಿಂದ ಕೆಳಕ್ಕೆ ಉಳಲಾಗುತ್ತದೆ. ಪ್ರತಿ ಸಾಲೂ ಒಂದು ಕಾಲುವೆಯಾಗುತ್ತದೆ. ಬದು ಹಾಕಿದರೆ ಜಾಗ ಹೋಗುತ್ತದೆಂದು, ಪಕ್ಕದವನ ನೀರು ತನ್ನ ಹೊಲಕ್ಕೆ ನುಗ್ಗುತ್ತದೆಂದು ಜಗಳಗಳೂ ಆಗುತ್ತವೆ. ನೀರಿಗೆ ಸರ್ವೆ ನಂಬರಿನ ಗಡಿಯಿಲ್ಲ. ಒಬ್ಬನ ಬದು ಉಳಿಯಬೇಕಾದರೆ ಅವನ ಮೇಲಿನ ಹೊಲದವನೂ ಬದು ಹಾಕಿರಬೇಕು. ಆದ್ದರಿಂದ ಒಂದು ಹಳ್ಳಕ್ಕೆ ನೀರು ಹರಿಸುವ ರೈತರೆಲ್ಲರೂ ಒಟ್ಟಿಗೆ ಕುಳಿತು, ದಿಣ್ಣೆಯಿಂದ ಆರಂಭಿಸಿ ಕೆಳಕ್ಕೆ ಕೆಲಸ ಮಾಡಿಕೊಂಡು ಬರುವುದು ಉಚಿತ. ವಿಸ್ತರಣಾ ಕಾರ್ಯಕರ್ತರು ಈ ಒಪ್ಪಂದ ಮೂಡಿಸುವುದನ್ನೇ ಮೊದಲ ಕೆಲಸವಾಗಿ ಎಣಿಸಬೇಕು.

ಪರಿಹಾರ ಕ್ರಮಗಳು

1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು ಮತ್ತು ಹಗರಿಗಳಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಕೇಂದ್ರ ಸ್ಥಾಪನೆಯಾಯಿತು. ದೀರ್ಘಕಾಲದ ಈ ಅನುಭವದ ಸಾರವನ್ನು ಹೀಗೆ ಹೇಳಬಹುದು.

1. ಉಳುಮೆ, ಬಿತ್ತನೆ, ಎಡೆ ಹೊಡೆಯುವುದು ಎಲ್ಲವೂ ಇಳಿಜಾರಿಗೆ ಅಡ್ಡಲಾಗಿರಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಪಟ್ಟಿ ಕಿರಿದಾಗಿದ್ದರೆ ಅಕ್ಕಪಕ್ಕದವರು ಸೇರಿ ಒಂದೇ ಹೊಲವೆಂಬಂತೆ ಉಳಿಸಬಹುದು.

2. ಕೆಂಪು ಭೂಮಿಯಲ್ಲಿ ಸಮಪಾತಳಿ ಬದು ಹಾಕಬೇಕು. ಆಳವಾದ ಕಪ್ಪು ಭೂಮಿಯಲ್ಲಿ ನೀರು ನಿಂತು ಬೆಳೆ ಕೊಳೆಯುವುದರಿಂದಲೂ, ಒಣಗಿದಾಗ ಬದು ಬಿರುಕು ಬಿಡುವುದರಿಂದಲೂ ಸ್ವಲ್ಪ ಓಟ ಕೊಟ್ಟ ಬದು ಸೂಕ್ತ. ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ಬಿಡಬೇಕು.

3. ಬದುವಿನ ಮೇಲೆ ಅಥವಾ ಬದುವಿಗೆ ಬದಲಾಗಿ ಲಾವಂಚದ ಸಾಲು ಬೆಳೆಸಬಹುದು. ಗುಂಡ್ಲುಪೇಟೆ ಸುತ್ತಿನ ರೈತರು ತಲೆಮಾರುಗಳಿಂದ ಇದನ್ನು ಹೊಲದ ಅಂಚಿನಲ್ಲಿ ಬೆಳೆಸುತ್ತಾ ಬಂದಿದ್ದಾರೆ. ಮಳೆಯ ಆರಂಭದಲ್ಲಿ ಬೇರುಸಹಿತ ತೆಂಡೆಗಳನ್ನು 10–15 ಸೆಂಟಿಮೀಟರಿಗೆ ಒಂದರಂತೆ ನೆಡಬೇಕು. ಮೊದಲ ವರ್ಷ ಸತ್ತ ಕಡೆ ಮತ್ತೆ ನೆಟ್ಟು ಸಂದು ಮುಚ್ಚುವುದು ಅವಶ್ಯ.

4. ಹಿಂಗಾರು ಪ್ರದೇಶದಲ್ಲಿ ಜೂನ್–ಜುಲೈ ತಿಂಗಳಲ್ಲಿಯೇ ಸುಮಾರು 3ರಿಂದ 4.5 ಮೀಟರ್ ಉದ್ದಗಲದ ಚೌಕು ಮಡಿಗಳನ್ನು ಮಾಡಿದರೆ ಸೆಪ್ಟೆಂಬರ್ ಮಳೆ ಬಿದ್ದಲ್ಲೇ ಇಂಗುತ್ತದೆ. ಆ ತೇವವೇ ಹಿಂಗಾರು ಜೋಳಕ್ಕೆ ಆಧಾರ.

5. ನೆಲಕ್ಕೆ ಹೊದಿಕೆಯಿರಲಿ. ಬೇಗ ಹರಡುವ ಅಲಸಂದೆ, ಹುರುಳಿ ಮುಂತಾದ ಬೆಳೆಗಳು ಹನಿಯ ಪೆಟ್ಟನ್ನು ತಾವೇ ತಾಳಿಕೊಳ್ಳುತ್ತವೆ. ಕೊಯ್ಲಿನ ನಂತರ ಕೂಳೆ, ತರಗುಗಳನ್ನು ಸುಡದೆ ಹೊಲದಲ್ಲಿ ಬಿಡಬೇಕು.

6. ಕೆರೆ ಹೂಳನ್ನು ಪರೀಕ್ಷೆ ಮಾಡಿಸಿ, ಸವಳು ಅಥವಾ ಕ್ಷಾರ ಇಲ್ಲವೆಂದು ತಿಳಿದ ಮೇಲೆ ಮರಳು ಮಿಶ್ರಿತ ಕೆಂಪು ಹೊಲಗಳಿಗೆ ಹಾಕಬಹುದು.

ಮಿತಿಯ ಅರಿವೂ ಇರಲಿ

ಎಂತಹ ಮಳೆಯನ್ನಾದರೂ ಬದು ತಡೆಯುತ್ತದೆಂದು ಭಾವಿಸಬಾರದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದಂತಹ ಮಳೆಯಲ್ಲಿ ಹಳ್ಳಕೊಳ್ಳಗಳು ಊರಿಗೇ ನುಗ್ಗಿದವು. ಆದ್ದರಿಂದ ಪ್ರತಿ ಬದುವಿಗೂ ಕಲ್ಲು ಕಟ್ಟಿದ ಕೋಡಿ ಬಿಡುವುದು ಬದು ಹಾಕುವಷ್ಟೇ ಮುಖ್ಯ. ಹಳ್ಳದ ಪಾತ್ರವನ್ನು ಒತ್ತುವರಿ ಮಾಡಿ ಉಳಬಾರದು. ಹಿಡಿಯಬಹುದಾದಷ್ಟು ನೀರನ್ನು ಹಿಡಿದು, ಮಿಕ್ಕ ನೀರಿಗೆ ದಾರಿ ಬಿಡುವುದೇ ಹಿರಿಯರು ಕೆರೆಗಳನ್ನು ಕಟ್ಟಿದ ಕ್ರಮ.

ಬರುವ ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಕೂಡಲೇ ರೈತರು ಹೊಲದ ಕೆಳ ಅಂಚಿಗೆ ಹೋಗಿ, ಹರಿದುಹೋಗುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಲಿ. ಬೆಳಿಗ್ಗೆ ತಳದಲ್ಲಿ ಎಷ್ಟು ಮಣ್ಣು ಕುಳಿತಿದೆ ಎಂಬುದನ್ನು ನೋಡಿದರೆ, ಆ ವರ್ಷ ಬದುವಿನ ಕೆಲಸ ಎಲ್ಲಿಂದ ಆರಂಭವಾಗಬೇಕೆಂದು ತಿಳಿಯುತ್ತದೆ.