ಪೌಷ್ಟಿಕ ಅಡುಗೆ: ಹೇಳಿದರೆ ಸಾಲದು, ಮಾಡಿ ತೋರಿಸಬೇಕು

ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ ಮೊದಲ ವಾರದ ಪೌಷ್ಟಿಕ ಆಹಾರ ಸಪ್ತಾಹದಲ್ಲಿ ಸಿಂಧನೂರು ಸಮೀಪದ ಹಳ್ಳಿಯೊಂದರ ಅಂಗನವಾಡಿಗೆ ಭಾಷಣಕ್ಕೆಂದು ಹೋಗಿದ್ದೆ. ಸಸಾರಜನಕ, ಜೀವಸತ್ವ, ಖನಿಜಾಂಶ ಎಂದು ಅರ್ಧ ಗಂಟೆ ಮಾತನಾಡಿ, ಹಾಲು, ಸೇಬು, ಬಾದಾಮಿ ತಿನ್ನಬೇಕೆಂದು ಹೇಳಿ ಕುಳಿತೆ. ಹಿಂದಿನ ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು ಎದ್ದು, ‘ಸೇಬು ಕಿಲೋಕ್ಕ ಎಷ್ಟು ಐತ್ರೀ ಡಾಕ್ಟ್ರ?’ ಎಂದು ಕೇಳಿದಳು. ಎಲ್ಲರೂ ನಕ್ಕರು. ಆಕೆ ಅಂದು ಕೂಲಿ ಬಿಟ್ಟು ಬಂದಿದ್ದಳು. ನಾನು ಹೇಳಿದ್ದರಲ್ಲಿ ಆಕೆ ಮನೆಗೆ ಒಯ್ಯಬಹುದಾದದ್ದು ಒಂದೂ ಇರಲಿಲ್ಲ. ಅಂದಿನಿಂದ ನಾನು ಇಂಥ ಕಾರ್ಯಕ್ರಮಗಳಿಗೆ ಭಾಷಣದ ಚೀಟಿ ಒಯ್ಯುವುದಿಲ್ಲ, ಒಂದು ಪಾತ್ರೆ ಒಯ್ಯುತ್ತೇನೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಆಯಾಸ, ತಲೆಸುತ್ತು, ಏದುಸಿರು ಎಂದು ಬರುವ ಹೆಂಗಸರ ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದರೆ ಬಿಳಿಚಿಕೊಂಡಿರುವುದೇ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ 65 ದಾಟಿದೆ. ಗರ್ಭಿಣಿಯ ಹಿಮೊಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅದು 7 ಗ್ರಾಂಗಿಂತ ಕೆಳಗಿಳಿದರೆ ಹೆರಿಗೆಯ ಸಮಯದಲ್ಲಿ ತುಸು ಹೆಚ್ಚು ರಕ್ತ ಹೋದರೂ ಪ್ರಾಣಕ್ಕೆ ಸಂಚಕಾರ.

1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ನಂತರ ಸಿಂಧನೂರು ಭಾಗ ಭತ್ತದ ಕಣಜವಾಯಿತು. ಹೊಟ್ಟೆಯ ಹಸಿವು ತಣಿಯಿತು, ನಿಜ. ಆದರೆ ಜೋಳ, ಸಜ್ಜೆಗಳು ತಟ್ಟೆಯಿಂದ ಹಿಂದೆ ಸರಿದವು. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಹಾಗೆಂದು ಹಳೆಯದೆಲ್ಲ ಹೊನ್ನೆಂದು ತಿಳಿಯಬೇಕಿಲ್ಲ. ಬರೀ ಜೋಳವನ್ನೇ ತಿಂದು ಬದುಕುತ್ತಿದ್ದ ದಖ್ಖನ್ನಿನ ಬಡವರಲ್ಲಿ ಪೆಲಾಗ್ರ ಎಂಬ ಚರ್ಮ ಮತ್ತು ನರಗಳ ಕಾಯಿಲೆ ಇದ್ದುದನ್ನು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅಭ್ಯಸಿಸಿದ್ದರು. ರೊಟ್ಟಿಯ ಜೊತೆಗೆ ಕಾಳು, ಸೊಪ್ಪು ಇದ್ದರೆ ಮಾತ್ರ ಊಟ ಪೂರ್ಣ.

ಸರ್ಕಾರ ಏನೂ ಮಾಡಿಲ್ಲವೆನ್ನುವಂತಿಲ್ಲ. ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಆರಂಭವಾದದ್ದು ರಾಯಚೂರೂ ಸೇರಿದಂತೆ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ನೀಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಆದರೆ ಅದು ದಿನಕ್ಕೆ ಒಂದು ಊಟ. ಉಳಿದದ್ದು ಮನೆಯ ಒಲೆಯ ಮೇಲೆ ನಿರ್ಧಾರವಾಗುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ ದಾಖಲೆ ಬರೆಯುವುದರಲ್ಲೇ ದಿನ ಕಳೆಯುತ್ತದೆ. ಆದ್ದರಿಂದ ಅಡುಗೆ ಬಲ್ಲ ಗೃಹಿಣಿಯರು, ನಿವೃತ್ತ ಶಿಕ್ಷಕಿಯರು, ಕಾಲೇಜು ಹುಡುಗ-ಹುಡುಗಿಯರು ತಿಂಗಳಿಗೆ ಒಂದೆರಡು ಗಂಟೆ ಕೊಟ್ಟರೆ ದೊಡ್ಡ ಉಪಕಾರ. ಅಂಗನವಾಡಿ ಕಾರ್ಯಕರ್ತೆಯನ್ನೋ ಸ್ತ್ರೀಶಕ್ತಿ ಸಂಘದವರನ್ನೋ ಮೊದಲು ಭೇಟಿಯಾಗಿ. ಅವರಿಗೆ ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಮಗು ತೂಕದಲ್ಲಿ ಹಿಂದೆ ಬಿದ್ದಿದೆ ಎಂಬುದು ಗೊತ್ತಿರುತ್ತದೆ.

ಓಣಿಯ ಅಂಗಡಿಯಲ್ಲಿ, ಸಂತೆಯಲ್ಲಿ ಏನು ಸಿಗುತ್ತದೋ ಅದರಿಂದಲೇ ಅಡುಗೆ ಮಾಡಿ ತೋರಿಸಿ. ಜೋಳದ ನುಚ್ಚು, ಹೆಸರುಬೇಳೆ, ಪುಂಡಿ ಪಲ್ಯ, ಒಂದು ಹಿಡಿ ಶೇಂಗಾ ಪುಡಿ, ಮೇಲೆ ಅರ್ಧ ನಿಂಬೆಹಣ್ಣು. ಇಷ್ಟರಲ್ಲಿ ಹೇಳಬೇಕಾದದ್ದೆಲ್ಲ ಬರುತ್ತದೆ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಜೀವಸತ್ವ ನೀರಿನ ಪಾಲು. ನಿಂಬೆರಸವನ್ನು ಪಾತ್ರೆ ಇಳಿಸಿದ ಮೇಲೆ ಹಿಂಡಬೇಕು. ಅದರಲ್ಲಿನ ‘ಸಿ’ ಜೀವಸತ್ವ ಸೊಪ್ಪು-ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟ ಮುಗಿದ ಕೂಡಲೇ ಕುಡಿಯುವ ಚಹಾ ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಚಹಾ ಬಿಡಿ ಎಂದರೆ ನಮ್ಮ ಜನ ಕೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ ಎಂದರೆ ಒಪ್ಪುತ್ತಾರೆ. ಮಡಿಕೆ, ಹೆಸರು, ಅಲಸಂದಿಯನ್ನು ನೆನೆಸಿ ಮೊಳಕೆ ಬರಿಸಿದರೆ ಸತ್ವವೂ ಹೆಚ್ಚು, ಬೇಯಿಸಲು ಉರುವಲೂ ಕಡಿಮೆ.

ಚಿಕ್ಕ ಮಕ್ಕಳ ತಾಯಂದಿರಿಗೆ ಒಂದು ಚಮಚ ಸಾಕು. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಬೇಳೆಯ ತಿಳಿ, ಅನ್ನದ ಗಂಜಿ ಕೊಡುವ ರೂಢಿ ಎಲ್ಲ ಕಡೆ ಇದೆ. ಹೊಟ್ಟೆ ತುಂಬುವುದು ನೀರಿನಿಂದ. ಚಮಚವನ್ನು ಓರೆ ಮಾಡಿ ತೋರಿಸಿ. ಜಾರಿ ಬಿದ್ದರೆ ಅದು ತೆಳು, ಚಮಚದಲ್ಲೇ ನಿಂತರೆ ಸರಿ. ಅನ್ನ-ಬೇಳೆಯನ್ನು ಚೆನ್ನಾಗಿ ಹಿಸುಕಿ ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿದರೆ ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಹತ್ತು ಪುಟದ ಕರಪತ್ರ ಮರೆತವರು ಈ ಚಮಚ ಮರೆಯುವುದಿಲ್ಲ.

ಇನ್ನು ಯಾರಿಗೆ ಕಲಿಸಬೇಕು ಎಂಬುದು ಬಹು ಮುಖ್ಯ. ಬಸುರಿ ಸೊಸೆಯೊಬ್ಬಳನ್ನೇ ಕೂರಿಸಿ ಕಲಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಎಣ್ಣೆ ಡಬ್ಬಿ ಅತ್ತೆಯ ಕೈಯಲ್ಲಿ, ಸಂತೆಯ ದುಡ್ಡು ಗಂಡನ ಕಿಸೆಯಲ್ಲಿ. ಮಸ್ಕಿ ಕಡೆಯ ಒಬ್ಬ ಗರ್ಭಿಣಿಗೆ ಮನೆಯಲ್ಲಿ ಏನು ಅಡುಗೆ ಎಂದು ಕೇಳಿದೆ. ರೊಟ್ಟಿ, ಕಾಳುಪಲ್ಯ, ಮೊಸರು ಎಂದಳು. ನೀನು ಏನು ಉಂಡೆ ಎಂದು ಕೇಳಿದಾಗ, ‘ರೊಟ್ಟಿ, ಹಿಂಡಿ’ ಎಂದಳು. ಪಲ್ಯ ಆಕೆಯ ಸರದಿ ಬರುವಷ್ಟರಲ್ಲಿ ಮುಗಿದಿತ್ತು. ಆ ಮನೆಯಲ್ಲಿ ಪೌಷ್ಟಿಕ ಅಡುಗೆ ಇತ್ತು, ಆಕೆಯ ತಟ್ಟೆಗೆ ಬರಲಿಲ್ಲ ಅಷ್ಟೆ. ಜೊತೆಗೆ ಬಂದಿದ್ದ ಅತ್ತೆಗೆ, ಬಡಿಸುವ ಮುನ್ನ ಸೊಸೆಯ ಪಾಲನ್ನು ಬೇರೆ ಬಟ್ಟಲಲ್ಲಿ ಎತ್ತಿಡಿ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಕಾಲಕ್ಕ ಯಾರೂ ಎತ್ತಿಡಲಿಲ್ಲರಿ’ ಎಂದಳು. ಮುಂದಿನ ತಪಾಸಣೆಗೆ ಬಂದಾಗ ಬಟ್ಟಲು ಎತ್ತಿಡುವ ಸುದ್ದಿಯನ್ನು ತಾನೇ ಮೊದಲು ಹೇಳಿದಳು.

ವೇಳೆಯ ವಿಷಯದಲ್ಲಿ ಎಚ್ಚರವಿರಲಿ. ಭತ್ತದ ನಾಟಿ, ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ಕರೆದರೆ ಬರುವವರು ವಯಸ್ಸಾದವರು ಮಾತ್ರ. ಸಂಜೆ ಕೂಲಿ ಮುಗಿದ ಮೇಲೆ ಅವರ ಓಣಿಗೇ ಹೋಗಬೇಕು. ಮಾಡಿದ್ದನ್ನು ಅಲ್ಲೇ ಕೈ ತೊಳೆದು ಎಲ್ಲರೂ ಹಂಚಿ ಉಣ್ಣಬೇಕು, ಕಲಿಸಲು ಹೋದವರೂ ಸಹ. ಮಗುವಿನ ಕೈಯಲ್ಲಿ ಕುರುಕಲು ಪೊಟ್ಟಣ ಕಂಡರೆ ತಾಯಿಯನ್ನು ನಾಲ್ಕು ಜನರೆದುರು ಗದರಬೇಡಿ. ಮರುತಿಂಗಳು ಆಕೆ ಬರುವುದಿಲ್ಲ.

ಅಡುಗೆಯಿಂದ ಎಲ್ಲವೂ ವಾಸಿಯಾಗುತ್ತದೆಂದು ಭರವಸೆ ಕೊಡಕೂಡದು. ರಕ್ತ ತೀರಾ ಕಡಿಮೆಯಾದವರಿಗೆ ಸೊಪ್ಪು ಸಾಲದು, ಕಬ್ಬಿಣದ ಮಾತ್ರೆ ಬೇಕೇ ಬೇಕು. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಬಿಡಬಾರದು. ಚಹಾ, ಹಾಲಿನ ಜೊತೆ ಅದನ್ನು ನುಂಗಬಾರದು. ಎರಡೂ ಪಾದ ಊದಿದ ಮಗು, ಎಲುಬು ಕಾಣುವಷ್ಟು ಸೊರಗಿದ ಮಗು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಗರ್ಭಿಣಿ ಕಂಡುಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ.