ಆಟ ಬಿಡಿಸಿದರೆ ಓದು ಬರುವುದಿಲ್ಲ

ತಾಳವಾಡಿ ಕಡೆಯ ಪೋಷಕರೇ, ಮಗಳು ಖೋ ಖೋ ತಂಡಕ್ಕೆ ಆಯ್ಕೆಯಾದಳೆಂದರೆ ‘ಓದು ಹಾಳಾಗುತ್ತೆ’ ಎನ್ನುತ್ತೀರಿ. ಮುಖ್ಯೋಪಾಧ್ಯಾಯನಾಗಿದ್ದಾಗ ನಾನೂ ಹಾಗೇ ಅಂದವನು. ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಎನ್‌ಎಂಎಂಎಸ್ ಪರೀಕ್ಷೆಗೆಂದು ತಂಡದಿಂದ ಬಿಡಿಸಿದೆ. ಆಟದ ಜೊತೆಗೆ ಶಾಲೆಗೆ ಬರುವ ಉತ್ಸಾಹವೂ ಹೋಯಿತು. ಪರೀಕ್ಷೆಯಲ್ಲೂ ಗೆಲ್ಲಲಿಲ್ಲ. ತಪ್ಪು ನನ್ನದು.

ನಮ್ಮ ಮಕ್ಕಳಿಗೆ ಹೊರೆ ಹೆಚ್ಚು, ನಿಜ. ಪಂದ್ಯಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದರೆ ಎರಡು ದಿನದ ಪಾಠ ತಪ್ಪುತ್ತದೆ. ಕನ್ನಡದಲ್ಲಿ ಕಲಿತದ್ದನ್ನು ಎಷ್ಟೋ ಸ್ಪರ್ಧೆಗಳಲ್ಲಿ ತಮಿಳಿನಲ್ಲಿ ಹೇಳಬೇಕು. ಆದರೂ ಎರಡನ್ನೂ ಹೊಂದಿಸಬಹುದು.

ಎನ್‌ಎಂಎಂಎಸ್‌ನಲ್ಲಿ ಎರಡು ಪತ್ರಿಕೆ. ತಲಾ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದಕ್ಕೆ ಬೇಕಾದದ್ದು ದಿನವೂ ಅರ್ಧ ಗಂಟೆ; ಪರೀಕ್ಷೆಯ ಹಿಂದಿನ ವಾರದ ನಿದ್ದೆಗೆಡುವಿಕೆಯಲ್ಲ. ಬೆಳಿಗ್ಗೆ ಲೆಕ್ಕ, ಸಂಜೆ ಮೈದಾನ ಎಂದಿಟ್ಟುಕೊಳ್ಳಿ.

ದಿನಾಂಕ ಗೊತ್ತಾದ ಕೂಡಲೇ ಪಂದ್ಯ, ಪರೀಕ್ಷೆ ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತಪ್ಪಿದ ಪಾಠವನ್ನು ಅದೇ ವಾರ ಹೇಳಿಕೊಡುವಂತೆ ಮೇಷ್ಟ್ರನ್ನು ಕೇಳಿ. ಎರಡೂ ಒಂದೇ ದಿನ ಬಿದ್ದರೆ ಪರೀಕ್ಷೆಗೆ ಕಳಿಸಿ; ಅದು ಎಂಟನೇ ತರಗತಿಯಲ್ಲಿ ಮಾತ್ರ. ಮರುದಿನ ಸಂಜೆ ಮಾತ್ರ ಅವಳು ಮೈದಾನದಲ್ಲಿರಲಿ.