ಮುಟ್ಟದಿದ್ದರೂ ಫೇಡರ್ ಅಲುಗುವುದೇಕೆ?

ಪ್ರಶ್ನೆ: ಮನೆಯಲ್ಲೇ ಕಟ್ಟಿದ ಫೇಡರ್ ಕಂಟ್ರೋಲರಿನಲ್ಲಿ ಗುಂಡಿ ಮುಟ್ಟದಿದ್ದರೂ ಪರದೆಯ ಅಂಕಿ 63, 64 ಎಂದು ಓಲಾಡುವುದೇಕೆ?
(ಓದುಗರು, ಟಿಟ್ವಾಳಾ)

ಉತ್ತರ: ಫೇಡರ್ ಎಂದರೆ ಜಾರುಗುಂಡಿಯ ರೆಸಿಸ್ಟರ್, ಅದರ ತುದಿಗಳಿಗೆ 5 ವೋಲ್ಟ್ ಮತ್ತು ಗ್ರೌಂಡ್ ಕೊಟ್ಟಾಗ, ಜಾರುವ ಸಂಪರ್ಕದಲ್ಲಿ ಗುಂಡಿಯ ಸ್ಥಾನಕ್ಕೆ ತಕ್ಕ ವೋಲ್ಟೇಜ್ ದೊರೆಯುತ್ತದೆ. ಆರ್ಡುಯಿನೊ ಲಿಯೊನಾರ್ಡೊದಂಥ ಬೋರ್ಡು ಇದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿಸಿದರೂ, 1983ರಲ್ಲಿ ಬಳಕೆಗೆ ಬಂದ, ವಾದ್ಯಗಳ ಸಂದೇಶಭಾಷೆಯಾದ ಮಿಡಿಯಲ್ಲಿ ಸಾಮಾನ್ಯ ಕಂಟ್ರೋಲ್ ಸಂದೇಶಕ್ಕೆ 0ಯಿಂದ 127ರವರೆಗೆ ಮಾತ್ರ ಅವಕಾಶವಿರುವುದರಿಂದ, ಎಂಟೆಂಟು ಅಳತೆಗಳು ಸೇರಿ ಒಂದೊಂದು ಮೆಟ್ಟಿಲಾಗುತ್ತವೆ. ಗುಂಡಿ 511 ಮತ್ತು 512ರ ಗಡಿಯಲ್ಲಿ ನಿಂತಿದ್ದರೆ ಯುಎಸ್‌ಬಿ ವಿದ್ಯುತ್ತಿನ ಅತಿ ಸಣ್ಣ ಏರಿಳಿತವೂ 63ನ್ನು 64 ಮಾಡಲು ಸಾಕು. ಅಳತೆ ಹಿಂದಿನದಕ್ಕಿಂತ ಐದಾರು ಅಂಕಿ ಸರಿದ ಮೇಲಷ್ಟೇ ಹೊಸ ಸಂದೇಶ ಕಳುಹಿಸುವಂತೆ ಪ್ರೋಗ್ರಾಂ ಬರೆಯುವುದೇ ಇದಕ್ಕೆ ಸರಿಯಾದ ಮದ್ದು. ಜಾರುಸಂಪರ್ಕದಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಇನ್ನೂ ಒಳ್ಳೆಯದು. ಅಂಕಿ ಪಕ್ಕದ ಫೇಡರನ್ನು ಹಿಂಬಾಲಿಸುತ್ತಿದ್ದರೆ ಮಾತ್ರ ಬೆಸುಗೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬದಲಿ ಫೇಡರ್ ಕೊಳ್ಳುವವರು 10 ಕಿಲೊಓಮ್‌ನ ಲೀನಿಯರ್ ಬಗೆಯನ್ನೇ ಕೇಳಿ ಪಡೆಯಬೇಕು. ಗುಂಡಿ ನಡುವಿನಲ್ಲಿರುವಾಗ ಮಲ್ಟಿಮೀಟರು ಎರಡೂ ಬದಿಗೆ ಸುಮಾರು 5 ಕಿಲೊಓಮ್ ತೋರಿಸಿದರೆ ಅದು ಲೀನಿಯರ್.